ನ್ಯಾಯದ ಸಿದ್ಧಾಂತಗಳಲ್ಲಿ ಯಾವುದನ್ನು ಹಿಡಿಯುವುದು? ಗೇಣಿ ಗದ್ದೆಯ ಎದುರು ನಿಲ್ಲಿಸಿ ನೋಡೋಣ

ಕೊಣಾಜೆಯಲ್ಲಿ ಎಂ.ಎ. ಮಾಡುವವರಿರಲಿ, ಉಡುಪಿಯ ಲೈಬ್ರರಿಯಲ್ಲಿ ಕೂತು ಕೆಎಎಸ್‌ಗೆ ಓದುವವರಿರಲಿ, ನ್ಯಾಯದ ಸಿದ್ಧಾಂತಗಳ ಪಾಠಕ್ಕೆ, ಅಂದರೆ ಯಾರಿಗೆ ಏನು ಸಲ್ಲಬೇಕು ಅಂತ ಬೇರೆ ಬೇರೆ ಚಿಂತಕರು ಹೇಳಿದ್ದನ್ನು ಓದುವ ಪಾಠಕ್ಕೆ ಬಂದಾಗ ಎಲ್ಲರಿಗೂ ಒಂದೇ ಕಷ್ಟ. ಮಿಲ್ ಓದಿದ ದಿನ ಮಿಲ್ ಸರಿ ಅನಿಸುತ್ತದೆ. ರಾಲ್ಸ್ ಓದಿದ ದಿನ ರಾಲ್ಸ್. ಮರುದಿನ ನೋಜಿಕ್ ಓದಿದರೆ ರಾಲ್ಸ್ ಹೇಳಿದ್ದೆಲ್ಲ ಅಲುಗಾಡುತ್ತದೆ. ನೋಟ್ಸ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ, ನಾಲ್ಕು ಗುಣ, ನಾಲ್ಕು ದೋಷ. ಬಾಯಿಪಾಠ ಮಾಡಿ ಮಾರ್ಕು ತೆಗೆಯಬಹುದು. ಆದರೆ ಊರಲ್ಲಿ ಯಾರ ಜಾಗ ಯಾರಿಗೆ, ಯಾರ ಪಾಲು ಎಷ್ಟು ಅಂತ ಮಾತು ಎದ್ದಾಗ ಆ ನೋಟ್ಸು ಕೈಗೆ ಬರುವುದಿಲ್ಲ.

ಅದಕ್ಕೆ ನಾನು ಬೇರೆ ದಾರಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲೇ ನಡೆದ ಒಂದು ದೊಡ್ಡ ಸಂಗತಿ ತೆಗೆದುಕೊಳ್ಳಿ. ಪ್ರತಿಯೊಂದು ಸಿದ್ಧಾಂತವನ್ನೂ ಅದರ ಎದುರು ನಿಲ್ಲಿಸಿ. ಇದಕ್ಕೆ ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ ಅಂತ ಕೇಳಿ. ಯಾವುದನ್ನು ಆರಿಸಬೇಕು ಅಂತ ಆಗ ನಿಮಗೇ ಗೊತ್ತಾಗುತ್ತದೆ.

ಸಂಗತಿ ಯಾವುದು ಅಂದರೆ, 1974ರ ಮಾರ್ಚ್ 1. ದೇವರಾಜ ಅರಸು ಸರಕಾರದ ಭೂಸುಧಾರಣೆ ತಿದ್ದುಪಡಿ ಅಂದು ಜಾರಿಗೆ ಬಂತು. ಗೇಣಿಗೆ ಕೊಟ್ಟಿದ್ದ ಜಮೀನು ಸರಕಾರಕ್ಕೆ ಸೇರಿತು. ಸಾಗುವಳಿ ಮಾಡುತ್ತಿದ್ದ ಒಕ್ಕಲು ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ತನ್ನ ಗೇಣಿಯನ್ನು ಸಾಬೀತು ಮಾಡಿದರೆ ಗದ್ದೆ ಅವನದ್ದು. ಆಗ ಉಡುಪಿ ಬೇರೆ ಜಿಲ್ಲೆ ಆಗಿರಲಿಲ್ಲ, ಅದು ಆದದ್ದು 1997ರಲ್ಲಿ. ಎರಡೂ ಸೇರಿದ ಹಳೆಯ ದಕ್ಷಿಣ ಕನ್ನಡದಲ್ಲಿ ಗೇಣಿ ಬಹಳ ಆಳಕ್ಕೆ ಇಳಿದಿತ್ತು. ಮೂಲಗೇಣಿಯವರಿಗೆ ಕಾಯಂ ಹಕ್ಕು ಇತ್ತು. ಚಾಲಗೇಣಿಯವರಿಗೆ ಏನೂ ಇರಲಿಲ್ಲ, ಧಣಿ ಬಿಡು ಅಂದರೆ ಬಿಡಬೇಕಿತ್ತು. ಬೆಳೆ ಬರಲಿ ಬಾರದಿರಲಿ, ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ, ಅಳತೆಯೂ ಅದೇ) ಕಟ್ಟಿ ಗೇಣಿ ಅಕ್ಕಿ ಅಳೆಯಬೇಕಿತ್ತು.

ಇಲ್ಲಿ ನಾಲ್ಕು ಜನರನ್ನು ನೆನಪಿಟ್ಟುಕೊಳ್ಳಿ, ಕೊನೆಯವರೆಗೂ ಇವರು ಬೇಕು. ಒಂದು, ಗದ್ದೆ ಉಳುತ್ತಿದ್ದ ಒಕ್ಕಲು. ಎರಡು, ನೂರಾರು ಮುಡಿ ಗೇಣಿ ಬರುತ್ತಿದ್ದ ದೊಡ್ಡ ಧಣಿ. ಮೂರು, ಗಂಡ ತೀರಿಹೋಗಿ, ಉಳಲು ಆಗದೆ, ಇದ್ದ ಒಂದು ಸಣ್ಣ ಗದ್ದೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆ. ನಾಲ್ಕು, ಒಡೆತನವೂ ಇಲ್ಲದ, ಗೇಣಿಯೂ ಇಲ್ಲದ, ಒಕ್ಕಲಿನ ಗದ್ದೆಯಲ್ಲೋ ಧಣಿಯ ಗದ್ದೆಯಲ್ಲೋ ಕೂಲಿಗೆ ದುಡಿಯುತ್ತಿದ್ದ ಆಳು. ಕಾನೂನಿನಿಂದ ಮೊದಲನೆಯವನಿಗೆ ಗದ್ದೆ ಬಂತು. ಎರಡನೆಯವನಿಗೂ ಮೂರನೆಯವಳಿಗೂ ಕೈತಪ್ಪಿತು, ಒಂದಿಷ್ಟು ಪರಿಹಾರ ಸಿಕ್ಕಿತು. ನಾಲ್ಕನೆಯವನಿಗೆ ಜಾಸ್ತಿ ಅಂದರೆ ತಾನಿದ್ದ ಮನೆಯ ಅಡಿಯ ಜಾಗ.

ಇದು ನ್ಯಾಯವಾ?

ಹಳಬರು

ಪ್ಲೇಟೋನಿಂದ ಶುರು ಮಾಡುವುದು ವಾಡಿಕೆ. ಅವನ ಪ್ರಕಾರ ಪ್ರತಿಯೊಬ್ಬರೂ ತಮ್ಮ ಸ್ವಭಾವಕ್ಕೆ ತಕ್ಕ ಕೆಲಸ ಮಾಡಿಕೊಂಡು, ಇನ್ನೊಬ್ಬರ ಕೆಲಸಕ್ಕೆ ಕೈ ಹಾಕದೆ ಇದ್ದರೆ ಅದೇ ನ್ಯಾಯ. ನಮ್ಮಲ್ಲಿ ಇದನ್ನು ಓದುವಾಗ ಎಚ್ಚರ ಬೇಕು. ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ಚಾತುರ್ವರ್ಣ್ಯವನ್ನು ಪ್ಲೇಟೋನ ವ್ಯವಸ್ಥೆಯ ಪಕ್ಕದಲ್ಲೇ ಇಟ್ಟು ನೋಡಿದ್ದಾರೆ. ಮನುಷ್ಯರನ್ನು ಮೂರೋ ನಾಲ್ಕೋ ಡಬ್ಬಿಗಳಲ್ಲಿ ತುಂಬಲು ಬರುವುದಿಲ್ಲ, ಪ್ರತಿಯೊಬ್ಬನೂ ಬೇರೆ, ಇದು ಪ್ಲೇಟೋಗೆ ಕಾಣಲಿಲ್ಲ ಅಂತ ಅವರ ವಾದ. ಗೇಣಿ ಗದ್ದೆಯ ಎದುರು ನಿಲ್ಲಿಸಿದರೆ ಪ್ಲೇಟೋ ಹೇಳುವುದು ಇಷ್ಟೇ, ಆಳು ಆಳಾಗಿಯೇ ಇರಲಿ. ಪ್ಲೇಟೋನನ್ನು ಅವನು ಎತ್ತಿದ ಪ್ರಶ್ನೆಗಳಿಗಾಗಿ ಓದಿ. ಅವನ 'ರಿಪಬ್ಲಿಕ್' ಪುಸ್ತಕದಲ್ಲಿ, ಬಲಶಾಲಿಗೆ ಲಾಭ ಆಗುವುದೇ ನ್ಯಾಯ ಅಂತ ಥ್ರಾಸಿಮಾಕಸ್ ಅನ್ನುವವನು ವಾದಿಸುವ ಭಾಗ ಇವತ್ತಿಗೂ ಬಿಸಿ ಆರಿಲ್ಲ. ಉತ್ತರಕ್ಕಾಗಿ ಮಾತ್ರ ಅವನ ಹತ್ತಿರ ಹೋಗಬೇಡಿ.

ಅರಿಸ್ಟಾಟಲ್ ಜಾಸ್ತಿ ಉಪಯೋಗಕ್ಕೆ ಬರುತ್ತಾನೆ. ಹಂಚುವ ನ್ಯಾಯ ಬೇರೆ, ಆದ ತಪ್ಪನ್ನು ಸರಿಪಡಿಸುವ ನ್ಯಾಯ ಬೇರೆ ಅಂತ ಅವನು ಬಿಡಿಸಿಟ್ಟದ್ದು ಇಂದಿಗೂ ಬೇಕು. 1974ರ ಜಗಳದಲ್ಲಿ ಅರ್ಧ ಗೊಂದಲ ಇಲ್ಲೇ ಇದೆ. ಒಕ್ಕಲಿಗೆ ಗದ್ದೆ ಕೊಟ್ಟದ್ದು ಹೊಸ ಹಂಚಿಕೆಯಾ, ಹಳೆಯ ಅನ್ಯಾಯದ ತಿದ್ದುಪಡಿಯಾ? ಇನ್ನೂ ಒಂದು ಮಾತು ಅವನದ್ದು, ಕೊಳಲನ್ನು ಚೆನ್ನಾಗಿ ನುಡಿಸುವವನಿಗೇ ಒಳ್ಳೆಯ ಕೊಳಲು ಸಿಗಬೇಕು. ಆ ಲೆಕ್ಕದಲ್ಲಿ ಗದ್ದೆ ಉಳುವವನಿಗೆ. ಆದರೆ ಗುಲಾಮಗಿರಿಯನ್ನು ಸಮರ್ಥಿಸಿದವನೂ ಅವನೇ, ಅದನ್ನು ಮರೆಯಬಾರದು.

ಲೆಕ್ಕ ಹಾಕುವವರು

ಇಂಗ್ಲೆಂಡಿನ ಜೆರೆಮಿ ಬೆಂಥಮ್ 1789ರಲ್ಲಿ ಇಟ್ಟ ಅಳತೆ ಸುಲಭ. ಎಲ್ಲರ ಸುಖ ದುಃಖ ಕೂಡಿಸಿ, ಒಟ್ಟು ಸುಖ ಜಾಸ್ತಿ ಆಗುವ ದಾರಿ ಹಿಡಿ. ಒಕ್ಕಲುಗಳು ಸಾವಿರಾರು, ಧಣಿಗಳು ಬೆರಳೆಣಿಕೆ. ಲೆಕ್ಕ ಕೂಡಲೇ ಮುಗಿಯುತ್ತದೆ, ಕಾನೂನು ಸರಿ. ಇದನ್ನು ಕಡೆಗಣಿಸಬೇಡಿ. ಬೆಂಥಮ್‌ನ ಲೆಕ್ಕದಲ್ಲಿ ಧಣಿಯ ಒಂದು ತಲೆ ಅಂದರೆ ಒಂದೇ ತಲೆ, ಆಳಿನದ್ದೂ ಒಂದು ತಲೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಅದೇ ದಾರಿಯ ಜಾನ್ ಸ್ಟುವರ್ಟ್ ಮಿಲ್ ಇನ್ನೂ ಮುಂದೆ ಹೋದ. ಭೂಮಿಯನ್ನು ಯಾವ ಮನುಷ್ಯನೂ ಮಾಡಿದ್ದಲ್ಲ, ಹಾಗಾಗಿ ಅದರ ಒಡೆತನ ಬೇರೆ ಆಸ್ತಿಯ ಹಾಗಲ್ಲ ಅಂತ 1848ರಲ್ಲೇ ಬರೆದ. ಐರ್ಲೆಂಡಿನ ಗೇಣಿದಾರರ ಪರ ನಿಂತ.

ಕಷ್ಟ ಇರುವುದು ಆ ವಿಧವೆಯಲ್ಲಿ. ಕೂಡಿಸುವಾಗ ಅವಳ ನಷ್ಟ ಒಂದು ಸಣ್ಣ ಸಂಖ್ಯೆ, ಎದುರಿನ ದೊಡ್ಡ ಮೊತ್ತದಲ್ಲಿ ಅದು ಎಲ್ಲಿ ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಪಣಂಬೂರಿನಲ್ಲಿ ಬಂದರು ಬಂದಾಗ ಊರು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಕ್ಕೆ ಹೋದ ಕುಟುಂಬಗಳನ್ನು ಯೋಚಿಸಿ. ಬಂದರಿನಿಂದ ಇಡೀ ರಾಜ್ಯಕ್ಕೆ ಲಾಭ ಆಯಿತು, ಸುಳ್ಳಲ್ಲ. ಆದರೆ 'ಒಟ್ಟಿಗೆ ಲಾಭ' ಅನ್ನುವ ಮಾತು ಬಿಟ್ಟುಕೊಟ್ಟವರ ಬಾಯಿ ಮುಚ್ಚಿಸುವುದಕ್ಕೆ ಎಷ್ಟು ಸಲ ಬಳಕೆ ಆಗುತ್ತದೆ, ಅಲ್ವಾ? ಯೋಜನೆ, ಬಜೆಟ್ಟು, ಆಸ್ಪತ್ರೆ ಎಲ್ಲಿ ಕಟ್ಟಬೇಕು, ಇಂಥದ್ದಕ್ಕೆ ಈ ಲೆಕ್ಕ ಬೇಕೇ ಬೇಕು. ಕೊನೆಯ ತೀರ್ಪನ್ನು ಅದರ ಕೈಗೆ ಕೊಡುವುದು ನನಗೆ ಒಪ್ಪಿಗೆ ಇಲ್ಲ.

ರಾಲ್ಸ್ ಮತ್ತು ನೋಜಿಕ್

ಜಾನ್ ರಾಲ್ಸ್ 1971ರಲ್ಲಿ 'ಎ ಥಿಯರಿ ಆಫ್ ಜಸ್ಟಿಸ್' ಬರೆದದ್ದೇ ಒಟ್ಟು ಸುಖದ ಈ ಲೆಕ್ಕದ ವಿರುದ್ಧ. ಒಬ್ಬ ಮನುಷ್ಯ ಇನ್ನೊಬ್ಬನಿಂದ ಬೇರೆ ಅನ್ನುವುದನ್ನು ಅದು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅಂತ ಅವನ ದೂರು. ಅವನು ಹೇಳಿದ ಉಪಾಯ ಎಲ್ಲರೂ ಕೇಳಿದ್ದೇ, ಅಜ್ಞಾನದ ಪರದೆ. ನೀವು ಯಾವ ಮನೆಯಲ್ಲಿ ಹುಟ್ಟುತ್ತೀರಿ, ಗಂಡೋ ಹೆಣ್ಣೋ, ಧಣಿಯೋ ಆಳೋ, ಬುದ್ಧಿ ಎಷ್ಟು, ಮೈಬಲ ಎಷ್ಟು ಅಂತ ಗೊತ್ತಿಲ್ಲದೆ ಕೂತು ಊರಿನ ನಿಯಮ ಬರೆಯಬೇಕು. ಹಾಗೆ ಬರೆದರೆ ಎರಡು ತತ್ವ ಬರುತ್ತವೆ. ಎಲ್ಲರಿಗೂ ಸಮಾನವಾದ ಮೂಲ ಸ್ವಾತಂತ್ರ್ಯ ಮೊದಲು. ಆಮೇಲೆ, ಏರುಪೇರು ಇರಬಹುದು, ಆದರೆ ಸ್ಥಾನಗಳ ಬಾಗಿಲು ಎಲ್ಲರಿಗೂ ನಿಜವಾಗಿ ತೆರೆದಿರಬೇಕು, ಮತ್ತು ಆ ಏರುಪೇರಿನಿಂದ ಎಲ್ಲರಿಗಿಂತ ಕೆಳಗಿರುವವನಿಗೆ ಒಳ್ಳೆಯದಾಗಬೇಕು.

ಪರದೆಯ ಹಿಂದೆ ಕೂತು ನಮ್ಮ ನಾಲ್ಕು ಜನರನ್ನು ನೋಡಿ. ಯಾರಾಗಿ ಹುಟ್ಟುತ್ತೇನೋ ಗೊತ್ತಿಲ್ಲ. ಚಾಲಗೇಣಿಯಂಥ ನಿಯಮ ಯಾರು ಬರೆಯುತ್ತಾರೆ ಹೇಳಿ? ಯಾರೂ ಇಲ್ಲ. ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ಆದರೆ ರಾಲ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ, ಎಲ್ಲರಿಗಿಂತ ಕೆಳಗೆ ಯಾರಿದ್ದಾರೆ ಅಂತ ಕೇಳುತ್ತಾನೆ. ಅದು ಒಕ್ಕಲು ಅಲ್ಲ, ಆಳು. 1974ರ ಕಾನೂನಿಗೆ ನಾವು ಕೊಡುವ ಹೊಗಳಿಕೆಯಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಬರುವುದೇ ಇಲ್ಲ. ರಾಲ್ಸ್‌ನ ಬೆಲೆ ನನಗೆ ಗೊತ್ತಾಗುವುದು ಇಲ್ಲಿ. ಇನ್ನೊಂದು ವಿಷಯ ನೋಟ್ಸ್‌ನಲ್ಲಿ ಬಿಟ್ಟುಹೋಗುತ್ತದೆ. ದುಡ್ಡು ಒಂದು ಕಡೆ ಗುಡ್ಡೆ ಬೀಳಲಿ, ಆಮೇಲೆ ಬಡವರಿಗೆ ಸಹಾಯಧನ ಕೊಡೋಣ ಅನ್ನುವ ವ್ಯವಸ್ಥೆ ರಾಲ್ಸ್‌ಗೆ ಸಾಲದು. ಆಸ್ತಿಯೇ ಮೊದಲಿನಿಂದ ಹರಡಿ ಹೋಗಿರಬೇಕು ಅಂತ ಅವನು 2001ರ ಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ. ರೇಷನ್ ಕೊಡುವುದಕ್ಕೂ ಗದ್ದೆಯ ಹಕ್ಕು ಕೊಡುವುದಕ್ಕೂ ಇರುವ ಅಂತರ ಅದೇ.

ಅವನ ಕುರುಡು ಎಲ್ಲಿ? ಮನೆಯೊಳಗೆ. ಸೂಸನ್ ಮೋಲರ್ ಓಕಿನ್ 1989ರಲ್ಲಿ ಇದನ್ನೇ ಹಿಡಿದು ಕೇಳಿದಳು, ಸಮಾಜದ ನಿಯಮ ನ್ಯಾಯವಾಗಿದ್ದು ಅಡಿಗೆಮನೆಯಲ್ಲಿ ಅನ್ಯಾಯ ಇದ್ದರೆ ಮಕ್ಕಳು ನ್ಯಾಯ ಕಲಿಯುವುದು ಎಲ್ಲಿಂದ? ಅಳಿಯಸಂತಾನ ಇದ್ದ ನಮ್ಮೂರಿಗೆ ಈ ಪ್ರಶ್ನೆ ಬಹಳ ಹತ್ತಿರದ್ದು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ನಿಜ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು. ದಾಖಲೆಯಲ್ಲಿ ಯಾರ ಹೆಸರು, ತೀರ್ಮಾನ ಯಾರದ್ದು, ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು ಅಂತ ಓಕಿನ್ ಓದಿದರೆ ಗೊತ್ತಾಗುತ್ತದೆ.

ಈಗ ಅಮೆರಿಕದ ರಾಬರ್ಟ್ ನೋಜಿಕ್. 'ಅನಾರ್ಕಿ, ಸ್ಟೇಟ್ ಆಂಡ್ ಯುಟೋಪಿಯಾ' ಬಂದದ್ದೂ 1974ರಲ್ಲೇ. ಇಲ್ಲಿ ಒಕ್ಕಲು ಡಿಕ್ಲರೇಶನ್ ತುಂಬುತ್ತಿದ್ದ ವರ್ಷವೇ ಅಲ್ಲಿ ಒಬ್ಬ, ನ್ಯಾಯವಾಗಿ ಬಂದ ಆಸ್ತಿಯನ್ನು ಮುಟ್ಟುವ ಹಕ್ಕು ಸರಕಾರಕ್ಕಿಲ್ಲ ಅಂತ ಬರೆಯುತ್ತಿದ್ದ. ಅವನಿಗೆ ಯಾರ ಹತ್ತಿರ ಎಷ್ಟಿದೆ ಅನ್ನುವುದು ಮುಖ್ಯ ಅಲ್ಲ, ಹೇಗೆ ಬಂತು ಅನ್ನುವುದು ಮುಖ್ಯ. ಮೊದಲು ಸರಿಯಾಗಿ ವಶಪಡಿಸಿಕೊಂಡಿರಬೇಕು, ಆಮೇಲೆ ಒಪ್ಪಿಗೆಯಿಂದ ಕೈ ಬದಲಾಗಿರಬೇಕು. ಇವೆರಡರಲ್ಲಿ ತಪ್ಪಾಗಿದ್ದರೆ ಸರಿಪಡಿಸಬೇಕು.

ನಮ್ಮಲ್ಲಿ ತೆರಿಗೆ ಬೇಡ ಅನ್ನುವವರು ಮೊದಲ ಎರಡನ್ನು ಮಾತ್ರ ಎತ್ತಿ ಹೇಳುತ್ತಾರೆ. ಮೂರನೆಯದೇ ಇಲ್ಲಿ ಮುಖ್ಯ ಮಾರಾಯ್ರೆ. ದೊಡ್ಡ ಧಣಿಗೆ ಆ ನೂರಾರು ಮುಡಿ ಗದ್ದೆ ಹೇಗೆ ಬಂತು? ರಾಜರ ಕಾಲದ ಉಂಬಳಿಯಾ, ಸಾಲಕ್ಕೆ ಬರೆಸಿಕೊಂಡದ್ದಾ, ಯಾರೋ ಕಾಡು ಕಡಿದು ಗದ್ದೆ ಮಾಡಿದ್ದನ್ನು ಇನ್ನೊಬ್ಬರು ತಮ್ಮ ಹೆಸರಿಗೆ ಮಾಡಿಕೊಂಡದ್ದಾ? ತಲೆಮಾರುಗಟ್ಟಲೆ ಹಿಂದಿನ ದಾಖಲೆ ಎಲ್ಲಿ ಸಿಗುತ್ತದೆ. ಈ ಕಷ್ಟ ನೋಜಿಕ್‌ಗೂ ಗೊತ್ತಿತ್ತು. ಹಿಂದಿನ ಅನ್ಯಾಯದ ಪೂರ್ತಿ ವಿವರ ಸಿಗದಿದ್ದರೆ, ಕೆಳಗಿನವರ ಸ್ಥಿತಿ ಆದಷ್ಟು ಮೇಲಾಗುವ ಹಾಗೆ ಒಂದು ಸಲ ಹಂಚುವುದೂ ಒಂದು ದಾರಿ ಆಗಬಹುದು ಅಂತ ಅವನೇ ಬರೆದಿದ್ದಾನೆ. ಅಂದರೆ ನೋಜಿಕ್‌ನನ್ನು ಪೂರ್ತಿ ಓದಿದವರು 1974ರ ಕಾನೂನನ್ನು ಅಷ್ಟು ಸುಲಭವಾಗಿ ಬೈಯಲು ಆಗುವುದಿಲ್ಲ. ಜೊತೆಗೆ, ವಿಧವೆಯ ಪರವಾಗಿ ಗಟ್ಟಿ ದನಿಯಲ್ಲಿ ಮಾತಾಡುವವನೂ ಅವನೇ. ಅವಳ ಗಂಡ ದುಡಿದ ದುಡ್ಡಲ್ಲಿ ಕೊಂಡ ಗದ್ದೆಯಾದರೆ ಅವಳು ಯಾರಿಗೂ ಅನ್ಯಾಯ ಮಾಡಿಲ್ಲ, ಧಣಿಯನ್ನೂ ಅವಳನ್ನೂ ಒಂದೇ ಅಳತೆಯಲ್ಲಿ ಅಳೆದದ್ದು ತಪ್ಪು. ಈ ಮಾತು ಯಾರ ಬಾಯಿಂದ ಬಂದರೂ ನಾನು ಒಪ್ಪುತ್ತೇನೆ.

ಆಸ್ತಿಯ ವಿಷಯದಲ್ಲಿ ನೋಜಿಕ್ ಹಳೆಯ ಇಂಗ್ಲಿಷ್ ಚಿಂತಕ ಜಾನ್ ಲಾಕ್‌ನಿಂದ ಪಡೆದ ಒಂದು ಷರತ್ತು ಇದೆ. ನೀನು ತೆಗೆದುಕೊಂಡ ಮೇಲೂ ಉಳಿದವರ ಪಾಡು ಮೊದಲಿಗಿಂತ ಕೆಡಬಾರದು. ಇದನ್ನು ಮಲ್ಪೆಗೆ ತೆಗೆದುಕೊಂಡು ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ನಾಡದೋಣಿಯವರಿಗೆ ಮಾತ್ರ ಕಡಲು. ಉಳಿದ ದಿನಗಳಲ್ಲಿ ಲೈಟ್ ಹಾಕಿ ಮೀನು ಬಾಚುವವರು, ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ಮಾಡುವವರು ಒಂದು ಕಡೆ, ದಡದ ಹತ್ತಿರ ಬಲೆ ಬೀಸುವವರು ಇನ್ನೊಂದು ಕಡೆ. ಮೀನಿಗೆ ಬೇಲಿ ಇಲ್ಲ, ಹಿಡಿದವನದ್ದೇ ಮೀನು. ಹಾಗಾದರೆ ಮರಿಮೀನನ್ನೂ ಬಿಡದೆ ಬಾಚುವ ಬೋಟು ಆ ಷರತ್ತು ಮುರಿಯುತ್ತದಲ್ವಾ? ಕಡಲಿನ ಜಗಳದಲ್ಲಿ ರಾಲ್ಸ್‌ಗಿಂತ ಲಾಕ್‌ನ ಈ ಒಂದು ಸಾಲು ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ಅನಿಸಿಕೆ.

ಸೇನ್, ನುಸ್ಬಾಮ್

ಅಮರ್ತ್ಯ ಸೇನ್ 2009ರ 'ದಿ ಐಡಿಯಾ ಆಫ್ ಜಸ್ಟಿಸ್'ನಲ್ಲಿ ಕೊಳಲನ್ನು ಮತ್ತೆ ತರುತ್ತಾರೆ. ಮೂರು ಮಕ್ಕಳು, ಒಂದೇ ಕೊಳಲು. ಒಬ್ಬಳಿಗೆ ನುಡಿಸಲು ಬರುತ್ತದೆ, ಒಬ್ಬನಿಗೆ ಆಡಲು ಬೇರೆ ಏನೂ ಇಲ್ಲ, ಒಬ್ಬಳು ತಿಂಗಳುಗಟ್ಟಲೆ ಕೂತು ಅದನ್ನು ಮಾಡಿದವಳು. ಮೂವರ ವಾದವೂ ಸುಳ್ಳಲ್ಲ. ಪೂರ್ತಿ ನ್ಯಾಯದ ಸಮಾಜ ಹೇಗಿರಬೇಕು ಅಂತ ಚಿತ್ರ ಬರೆದುಕೊಂಡು ಕೂರುವುದಕ್ಕಿಂತ, ಕಣ್ಣೆದುರು ಇರುವ ಎರಡು ದಾರಿಗಳಲ್ಲಿ ಯಾವುದರಲ್ಲಿ ಅನ್ಯಾಯ ಕಡಿಮೆ ಅಂತ ಹೋಲಿಸಿ ಅಂತಾರೆ ಸೇನ್. ಹೋಲಿಸುವಾಗ ಕೈಯಲ್ಲಿ ಏನಿದೆ ಅಂತ ಎಣಿಸಿದರೆ ಸಾಲದು, ಅದರಿಂದ ಅವರು ಏನು ಮಾಡಬಲ್ಲರು, ಹೇಗೆ ಬದುಕಬಲ್ಲರು ಅಂತ ನೋಡಬೇಕು. ಇದನ್ನೇ ಸೇನ್ ಸಾಮರ್ಥ್ಯ ಅಂತ ಕರೆಯುತ್ತಾರೆ.

ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸನ್ನು ಯೋಚಿಸಿ. ಸಂಪಾದನೆ ಇದೆ. ಆದರೆ ಅವಳ ಬೆನ್ನು, ಶ್ವಾಸ, ಮಗಳ ಓದು, ಬೇರೆ ಕೆಲಸ ಬೇಕು ಅಂದರೆ ಹೋಗುವ ದಾರಿ, ಇದೆಲ್ಲ ಸಂಪಾದನೆಯ ಲೆಕ್ಕದಲ್ಲಿ ಬರುವುದಿಲ್ಲ. ಸೇನ್ ಓದಿದರೆ ಬರುತ್ತದೆ. ಪಂಚಾಯಿತಿಯಲ್ಲಿ, ಸಂಘದಲ್ಲಿ, ಶಾಲೆಯಲ್ಲಿ ಕೆಲಸ ಮಾಡುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ ಕಾರಣಕ್ಕೆ ಸೇನ್.

ಒಂದು ತಕರಾರು ಇದೆ. ಯಾವ ಸಾಮರ್ಥ್ಯ ಮುಖ್ಯ ಅಂತ ಸೇನ್ ಪಟ್ಟಿ ಕೊಡುವುದಿಲ್ಲ, ಜನ ಚರ್ಚೆ ಮಾಡಿ ತೀರ್ಮಾನಿಸಲಿ ಅಂತಾರೆ. ಆ ಚರ್ಚೆಯಲ್ಲಿ ಯಾರಿಗೆ ಕುರ್ಚಿ ಸಿಗುತ್ತದೆ? ಇಲ್ಲಿನ ಆದಿವಾಸಿಗಳಾದ ಕೊರಗರ ವಿಷಯ ನೋಡಿ. ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಅಷ್ಟು ವರ್ಷ ಊರಿನ ಮಾತುಕತೆಯಲ್ಲಿ ಅವರ ಮಾತಿಗೆ ಜಾಗವೇ ಇರಲಿಲ್ಲ. ಮಾರ್ಥಾ ನುಸ್ಬಾಮ್ ಅದಕ್ಕೇ ಹತ್ತು ಸಾಮರ್ಥ್ಯಗಳ ಪಟ್ಟಿ ಕೊಡುತ್ತಾಳೆ, ಅವುಗಳಲ್ಲಿ ಯಾವುದೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ಅವಮಾನ ಇಲ್ಲದೆ ಬದುಕುವುದು ಆ ಪಟ್ಟಿಯಲ್ಲಿದೆ. ಇಲ್ಲಿ ನಾನು ನುಸ್ಬಾಮ್ ಕಡೆ.

ಅಂಬೇಡ್ಕರ್ ಎಲ್ಲಿ ಬರುತ್ತಾರೆ

ನಮ್ಮ ಪುಸ್ತಕಗಳಲ್ಲಿ ಅಂಬೇಡ್ಕರ್ 'ಭಾರತೀಯ ಚಿಂತಕರು' ಅನ್ನುವ ಬೇರೆ ಅಧ್ಯಾಯದಲ್ಲಿ ಇರುತ್ತಾರೆ. ರಾಲ್ಸ್, ನೋಜಿಕ್ ಪಕ್ಕದಲ್ಲಿ ಇಟ್ಟು ಓದಿಸುವವರು ಕಡಿಮೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. ಯಾಕೆ ಅಂದರೆ ನಮ್ಮ ನಾಲ್ಕನೆಯ ಮನುಷ್ಯನನ್ನು ಎಲ್ಲರಿಗಿಂತ ಮೊದಲು, ನೇರವಾಗಿ ನೋಡಿದ್ದು ಅವರು. 1947ರ 'ಸ್ಟೇಟ್ಸ್ ಆಂಡ್ ಮೈನಾರಿಟೀಸ್'ನಲ್ಲಿ ಅವರು ಗೇಣಿ ಕಾನೂನಿನಿಂದ ಅಸ್ಪೃಶ್ಯರಿಗೆ ಪ್ರಯೋಜನ ಇಲ್ಲ ಅಂತ ಖಂಡಿತವಾಗಿ ಹೇಳುತ್ತಾರೆ, ಅವರ ಹತ್ತಿರ ಗೇಣಿಯೇ ಇಲ್ಲ, ಅವರು ಬರೀ ಕೂಲಿಗಳು. ಜಮೀನು ಸರಕಾರದ್ದಾಗಿರಲಿ, ಊರಿನವರಿಗೆ ಜಾತಿ ನೋಡದೆ ಒಟ್ಟಾಗಿ ಸಾಗುವಳಿಗೆ ಕೊಡಲಿ, ಧಣಿಯೂ ಇಲ್ಲ, ಒಕ್ಕಲೂ ಇಲ್ಲ, ಭೂಮಿ ಇಲ್ಲದ ಆಳೂ ಇಲ್ಲ ಅಂತ ಆಗಲಿ ಅನ್ನುವುದು ಅವರ ಯೋಜನೆ. 1974ಕ್ಕೆ 27 ವರ್ಷ ಮೊದಲಿನ ಮಾತು ಇದು.

ಆ ಯೋಜನೆ ಇಲ್ಲಿ ನಡೆಯುತ್ತಿತ್ತಾ? ನನಗೆ ಅನುಮಾನ ಇದೆ. ಕರಾವಳಿಯ ಒಕ್ಕಲಿಗೆ ಬೇಕಾಗಿದ್ದದ್ದು ತನ್ನ ಹೆಸರಲ್ಲಿ ಒಂದು ಆರ್‌ಟಿಸಿ, ಒಟ್ಟು ಬೇಸಾಯ ಅಲ್ಲ. ಬೇರೆ ದೇಶಗಳಲ್ಲಿ ಬಲವಂತದಿಂದ ಮಾಡಿದ ಸಾಮೂಹಿಕ ಬೇಸಾಯದ ಅನುಭವವೂ ಕೆಟ್ಟದ್ದೇ. ಆದರೂ ಅವರು ಹಿಡಿದ ದೋಷ ನೂರಕ್ಕೆ ನೂರು ನಿಜ. ಸಂವಿಧಾನ ಸಭೆಯ 1949ರ ನವೆಂಬರ್ 25ರ ಭಾಷಣದಲ್ಲಿ ಅವರು ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರನ್ನೂ ಒಂದರಿಂದ ಒಂದನ್ನು ಬಿಡಿಸಬಾರದು ಅಂತ ಹೇಳಿದ್ದು ಕೂಡ ಇಲ್ಲಿ ಮುಖ್ಯ. ಗದ್ದೆ ಸಿಕ್ಕಿದ ಒಕ್ಕಲು ಕೂಡ ಆಳನ್ನು ಅಂಗಳದ ಹೊರಗೇ ನಿಲ್ಲಿಸಿದರೆ ಅಲ್ಲಿ ಹಂಚಿಕೆ ಆಗಿದೆ, ಬಂಧುತ್ವ ಆಗಿಲ್ಲ. ಬಿಲ್ಲವರಿಗೆ ದೇವಸ್ಥಾನದ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ಅಲ್ಲಿ ಕೇಳಿದ್ದು ಗದ್ದೆಯನ್ನಲ್ಲ, ಮರ್ಯಾದೆಯನ್ನು. ಅಮೆರಿಕದ ಚಿಂತಕಿ ನ್ಯಾನ್ಸಿ ಫ್ರೇಜರ್ ಹಂಚಿಕೆಯೂ ಬೇಕು, ಮನ್ನಣೆಯೂ ಬೇಕು ಅಂತ ವಾದ ಮಾಡಿದ್ದು ಇದಕ್ಕೆ ಬಹಳ ಹತ್ತಿರ. ಅಂಬೇಡ್ಕರ್ ಓದಿದವರಿಗೆ ಅದು ಹೊಸದಾಗಿ ಕಾಣುವುದಿಲ್ಲ.

ಇನ್ನು ಉಳಿದವರು. ಮಾರ್ಕ್ಸ್‌ನ 1875ರ ಮಾತು, ಶಕ್ತಿ ಇದ್ದಷ್ಟು ದುಡಿ, ಬೇಕಾದಷ್ಟು ಪಡೆ, ಅದು ಕುಟುಂಬದೊಳಗೆ ನಡೆಯುತ್ತದೆ, ಊರಿಗೆ ತರುವುದು ಹೇಗೆ ಅಂತ ಅವನು ಬಿಡಿಸಿ ಹೇಳಿಲ್ಲ. ಮೈಕೆಲ್ ವಾಲ್ಜರ್ 1983ರಲ್ಲಿ, ಒಂದು ಕ್ಷೇತ್ರದ ಬಲ ಇನ್ನೊಂದು ಕ್ಷೇತ್ರಕ್ಕೆ ನುಗ್ಗಬಾರದು ಅಂದ. ಮಾರ್ಕೆಟ್ಟಿನಲ್ಲಿ ದುಡ್ಡು ನಡೆಯಲಿ, ಮೆಡಿಕಲ್ ಸೀಟಿನಲ್ಲಿ, ಓಟಿನಲ್ಲಿ ನಡೆಯಬಾರದು. ಇಷ್ಟು ಕಾಲೇಜುಗಳಿರುವ ನಮ್ಮ ಎರಡು ಜಿಲ್ಲೆಯವರಿಗೆ ವಾಲ್ಜರ್ ಬೇಗ ಅರ್ಥ ಆಗುತ್ತಾನೆ.

ಹಾಗಾದರೆ ಯಾವುದು?

ನಿಯಮವನ್ನು ಹೊಸದಾಗಿ ಬರೆಯುವ ಜಾಗದಲ್ಲಿ ಇದ್ದೀರಿ ಅಂದರೆ, ಸಂಘದ ಬೈಲಾ ಆಗಲಿ, ದೇಶದ ಕಾನೂನಾಗಲಿ, ರಾಲ್ಸ್. ಇದು ಯಾರಿಗೆ ಹೇಗೆ ಬಂತು ಅನ್ನುವ ಜಗಳವಾದರೆ ನೋಜಿಕ್, ಆದರೆ ಸರಿಪಡಿಸುವ ಭಾಗ ಸೇರಿಸಿಯೇ. ದುಡ್ಡು ಸ್ವಲ್ಪ, ಕೆಲಸ ಜಾಸ್ತಿ, ಎಲ್ಲಿ ಮೊದಲು ಕೈ ಹಾಕುವುದು ಅಂತ ಗೊತ್ತಾಗದಿದ್ದರೆ ಸೇನ್, ಜೊತೆಗೆ ಒಂದಿಷ್ಟು ಬೆಂಥಮ್‌ನ ಲೆಕ್ಕ. ಜಾತಿ ಇರುವ ಯಾವುದೇ ಪ್ರಶ್ನೆಗೆ, ಅಂದರೆ ಇಲ್ಲಿನ ಹೆಚ್ಚಿನ ಪ್ರಶ್ನೆಗಳಿಗೆ, ಅಂಬೇಡ್ಕರ್ ಇಲ್ಲದೆ ಶುರು ಮಾಡಬೇಡಿ. ಒಬ್ಬರನ್ನೇ ಆರಿಸಬೇಕು ಅಂತ ಹಟ ಹಿಡಿದರೆ ನನ್ನ ಆಯ್ಕೆ ಅಂಬೇಡ್ಕರ್. ನಾಲ್ಕನೆಯವನನ್ನು ಬಿಟ್ಟ ಸಿದ್ಧಾಂತ ಎಷ್ಟೇ ಚಂದ ಇದ್ದರೂ ನನಗೆ ಅದು ಅರ್ಧ ಕೆಲಸ.

ಓದುವ ಕ್ರಮ ಕೇಳಿದರೆ, ರಾಲ್ಸ್‌ನ ದಪ್ಪ ಪುಸ್ತಕದಿಂದ ಶುರು ಮಾಡಬೇಡಿ, ಅರ್ಧದಲ್ಲಿ ಬಿಡುತ್ತೀರಿ. 'ಜಾತಿ ವಿನಾಶ' ಮೊದಲು, ಕನ್ನಡದಲ್ಲೇ ಸಿಗುತ್ತದೆ. ಆಮೇಲೆ ಸೇನ್ ಪುಸ್ತಕದ ಪೀಠಿಕೆ, ಕೊಳಲಿನ ಕತೆ ಅಲ್ಲೇ ಇದೆ. ಅದಾದ ಮೇಲೆ ರಾಲ್ಸ್‌ನ ಮೊದಲ ಮೂರು ಅಧ್ಯಾಯ, ನೋಜಿಕ್‌ನ ಏಳನೆಯ ಅಧ್ಯಾಯ ಎರಡನ್ನೂ ಒಂದೇ ವಾರದಲ್ಲಿ ಎದುರುಬದುರು ಇಟ್ಟು ಓದಿ. ಮನೆಯಲ್ಲಿ ಹಿರಿಯರು ಇದ್ದರೆ ನಡುವೆ ಒಂದು ದಿನ 1974ರಲ್ಲಿ ನಮ್ಮ ಮನೆಯವರು ಗೇಣಿ ಕೊಡುವವರೋ, ಪಡೆಯುವವರೋ, ಎರಡೂ ಅಲ್ಲವೋ ಅಂತ ಕೇಳಿ ಇಟ್ಟುಕೊಳ್ಳಿ. ಯಾವ ಪುಟ ಓದುವಾಗ ನಿಮಗೆ ಸಿಟ್ಟು ಬರುತ್ತದೆ, ಯಾವ ಪುಟ ಓದುವಾಗ ಸಮಾಧಾನ ಆಗುತ್ತದೆ, ಅದಕ್ಕೆ ಕಾರಣ ಅರ್ಧ ಅಲ್ಲಿಯೇ ಸಿಗಬಹುದು.